ಬ್ಯಾಗು ಫ್ರೀ, ಸಾಲ ಜೊತೆಗೆ

ಮಾನ್ಯರೇ,

ಮಗಳ ಕಾಲೇಜು ಫೆಸ್ಟ್‌ನಲ್ಲಿ, ಕ್ಯಾಂಟೀನ್ ಪಕ್ಕದಲ್ಲೇ ಕ್ರೆಡಿಟ್ ಕಾರ್ಡ್ ಸ್ಟಾಲ್ ಹಾಕಿದ್ದರು. ಸಹಿ ಮಾಡಿದವರಿಗೆ ಬ್ಯಾಗು ಫ್ರೀ. ‘ಆದಾಯದ ಜಾಗದಲ್ಲಿ ಟ್ಯೂಷನ್ ಅಂತ ಸುಮ್ನೆ ಬರೀರಿ’ ಎಂದರಂತೆ. ಅರ್ಜಿಯ ಹಿಂಬದಿಯಲ್ಲಿ, ನನ್ನ ಕನ್ನಡಕಕ್ಕೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಎಂದಿತ್ತು. ಅಂದರೆ ವರ್ಷಕ್ಕೆ 42! ‘ಮಿನಿಮಮ್ ಡ್ಯೂ’, ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಅಷ್ಟೇ ಕಟ್ಟಿದರೆ ಸಾಕು ಅಂದುಕೊಂಡ ಮಕ್ಕಳ ಬಾಕಿ ಕರಗುವುದು ಯಾವಾಗ?

ಅಮೆರಿಕದಲ್ಲಿ ಕ್ಯಾಂಪಸ್‌ನಲ್ಲಿ ಉಡುಗೊರೆಯ ಆಸೆ ತೋರಿಸಿ ಅರ್ಜಿ ತುಂಬಿಸುವುದನ್ನು 2009ರ ಕಾಯ್ದೆ ತಡೆಯಿತು. 21 ತುಂಬದವರಿಗೆ ಸ್ವಂತ ಆದಾಯವೋ ಜಾಮೀನೋ ಬೇಕೇ ಬೇಕು. ನಮ್ಮಲ್ಲಿ ಸ್ಟಾಲ್ ಬಾಡಿಗೆಯ ಆಸೆಗೆ ಕಾಲೇಜಿನವರೇ ಜಾಗ ಕೊಡುತ್ತಾರೆ. ಮೊದಲು ಅದು ನಿಲ್ಲಲಿ. ರಿಸರ್ವ್ ಬ್ಯಾಂಕ್ ಕೂಡ ಇತ್ತ ನೋಡಲಿ.

– ಒಬ್ಬ ತಂದೆ, ಬೆಂಗಳೂರು