ಮುಂದಿನ ಆಕ್ಸಲ್‌ನ ಬ್ರೇಕ್ ಕೆಲಸದಲ್ಲಿ ಆಗಿರುವ ಲೋಪದ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು, ಅಧಿಕೃತ ಸರ್ವಿಸ್ ಕೇಂದ್ರ, ಬೆಂಗಳೂರು

ಮಾನ್ಯರೇ,

ನಾನು ಹಾಸನದವನು. ಒಂದೇ ಒಂದು ಟ್ರೈಲರ್ ಲಾರಿ ಇಟ್ಟುಕೊಂಡು, ಅದನ್ನು ನಾನೇ ಓಡಿಸಿ ಸಂಸಾರ ಸಾಗಿಸುತ್ತಿದ್ದೇನೆ. ಕಾಫಿ ತುಂಬಿದ ಕಂಟೇನರ್‌ಗಳನ್ನು ಶಿರಾಡಿ ಘಾಟಿ ಇಳಿಸಿ ಮಂಗಳೂರು ಬಂದರಿಗೆ ಮುಟ್ಟಿಸುವುದು ನನ್ನ ಕೆಲಸ. ಕಳೆದ ತಿಂಗಳು 4ರಂದು ನಿಮ್ಮಲ್ಲಿ ಮುಂದಿನ ಆಕ್ಸಲ್‌ನ ಎರಡೂ ಡಿಸ್ಕ್ (ಚಕ್ರದ ಜೊತೆ ತಿರುಗುವ ಬಿಲ್ಲೆ) ಮತ್ತು ಅವನ್ನು ಒಳಗಿನಿಂದ, ಹೊರಗಿನಿಂದ ಒತ್ತಿ ಹಿಡಿಯುವ ನಾಲ್ಕೂ ಪ್ಯಾಡ್ ಬದಲಾಯಿಸಿಕೊಂಡು 74,600 ರೂಪಾಯಿ ಕಟ್ಟಿದ್ದೆ. 27ರ ಬೆಳಿಗ್ಗೆ ಅದೇ ಆಕ್ಸಲ್‌ನ ಎಡಗಾಲಿ ಘಾಟಿಯ ನಡುವೆ ಹೊಗೆ ಎಬ್ಬಿಸಿತು.

ದೋಣಿಗಾಲ್ ದಾಟಿ ಇಳಿಯತೊಡಗಿದಾಗ ಬ್ರೇಕ್ ತುಳಿಯದೆಯೇ ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿತ್ತು. ಮಾರನಹಳ್ಳಿ ಕಳೆದ ಮೇಲೆ ಸುಟ್ಟ ವಾಸನೆ ಬಂತು. ಮುಂದೆ ಜನ ತುಂಬಿದ ಬಸ್ಸು, ನನ್ನ ಬೆನ್ನ ಹಿಂದೆ ಹತ್ತೊಂಬತ್ತು ಟನ್ ಸರಕು. ಕೆಳ ಗೇರಿನಲ್ಲೇ ಇದ್ದುದರಿಂದ ರಸ್ತೆ ಅಗಲವಾದ ಕಡೆ ನಿಲ್ಲಿಸಲು ಸಾಧ್ಯವಾಯಿತು. ಕ್ಲೀನರ್ ಹುಡುಗ ಚಕ್ರಕ್ಕೆ ಕಲ್ಲು ಕೊಟ್ಟ. ಹತ್ತಿರದವರೊಬ್ಬರು ಕೊಡದಲ್ಲಿ ನೀರು ತಂದರು. ಕಾದ ಡಿಸ್ಕ್ ಮೇಲೆ ನೀರು ಬಿದ್ದರೆ ಬಿರಿಯುತ್ತದೆ ಎಂದು ನಾನೇ ತಡೆದೆ. ಆ ಹುಡುಗನ ಕೈ ನಡುಗುತ್ತಿದ್ದುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸಕಲೇಶಪುರದಿಂದ ಬಂದ ಮೆಕ್ಯಾನಿಕ್ ನನ್ನ ಎದುರಿಗೇ ಚಕ್ರ ಬಿಚ್ಚಿದರು. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್, ಕೈಯಿಂದ ತಳ್ಳಿದರೆ ಗೈಡ್ ಪಿನ್‌ಗಳ ಮೇಲೆ ಸಲೀಸಾಗಿ ಜಾರಬೇಕು. ನಮ್ಮದು ಕಬ್ಬಿಣದ ಸಲಾಕೆ ಹಾಕಿ ಮೀಟಿದರೂ ಅಲುಗಲಿಲ್ಲ. ಒಂದು ಪಿನ್ನಿನ ರಬ್ಬರ್ ಬೂಟು (ಹೊದಿಕೆ) ಹರಿದು, ಒಳಗೆ ನೀರು, ಕೆಸರು ಸೇರಿ ತುಕ್ಕು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಕ್ಯಾಲಿಪರ್ ಜಾರದಿದ್ದರೆ ಹೊರಗಿನ ಪ್ಯಾಡ್ ಕೆಲಸವನ್ನೇ ಮಾಡುವುದಿಲ್ಲ, ಒಳಗಿನದೊಂದೇ ಡಿಸ್ಕ್ ಉಜ್ಜುತ್ತಾ ಸವೆಯುತ್ತದೆ. ಹಾಗೆಯೇ ಆಗಿದೆ: ಎಡಗಡೆಯ ಒಳಪ್ಯಾಡಿನಲ್ಲಿ 2 ಮಿ.ಮೀ. ಕೂಡ ಉಳಿದಿಲ್ಲ, ಹೊರಪ್ಯಾಡು 19 ಮಿ.ಮೀ. ಇದೆ. ಬಲಗಡೆಯ ಎರಡೂ ಹೊಸದರಂತಿವೆ. ಎಡ ಡಿಸ್ಕ್ ನೀಲಿಗಟ್ಟಿ, ಉಗುರು ಸಿಕ್ಕಿಕೊಳ್ಳುವಷ್ಟು ದೊಡ್ಡ ಬಿರುಕು ಅಂಚಿನಿಂದ ಅಂಚಿಗೆ ಓಡಿದೆ. ಸವೆತದ ಸೆನ್ಸರ್ ತಂತಿಯನ್ನು ಪ್ಯಾಡಿಗೆ ಕೂರಿಸದೆ ಪ್ಲಾಸ್ಟಿಕ್ ಪಟ್ಟಿಯಿಂದ ಏರ್ ಹೋಸಿಗೆ ಕಟ್ಟಿದ್ದರು. ಡ್ಯಾಶ್‌ಬೋರ್ಡಿನಲ್ಲಿ ದೀಪ ಏಕೆ ಹತ್ತಲಿಲ್ಲ ಎಂಬುದು ಆಗ ತಿಳಿಯಿತು.

ಫೋನ್ ಮಾಡಿದಾಗ ನಿಮ್ಮ ಕಡೆಯವರು, ಘಾಟಿಯಲ್ಲಿ ಬ್ರೇಕ್ ಮೇಲೆಯೇ ಇಳಿಸಿದ್ದೀರಿ, ಅದಕ್ಕೇ ಸುಟ್ಟಿದೆ ಎಂದರು. ಹಾಗಿದ್ದರೆ ಬಲಗಾಲಿ ಏಕೆ ಸುಡಲಿಲ್ಲ? ಒಂದೇ ಪಾದ ಒಂದೇ ಪೆಡಲನ್ನು ತುಳಿದದ್ದು.

ನನಗೆ ಹೆಚ್ಚು ನೋವಾದದ್ದು ಇನ್ನೊಂದು ವಿಷಯಕ್ಕೆ. ಕೆಲಸ ಮುಗಿದ ದಿನ ಹಳೆಯ ಪ್ಯಾಡ್‌ಗಳನ್ನು ಗೋಣಿಚೀಲದಲ್ಲಿ ಹಾಕಿ ನನಗೆ ಕೊಟ್ಟಿದ್ದಿರಿ. ಅವು ಲಾರಿಯಲ್ಲೇ ಇದ್ದವು. ಮೊನ್ನೆ ತೆಗೆದು ಅಳೆದೆವು. ಎಡಗಡೆಯ ಹಳೆಯ ಒಳಪ್ಯಾಡು 3 ಮಿ.ಮೀ., ಹೊರಪ್ಯಾಡು 12. ಕ್ಯಾಲಿಪರ್ ಆಗಲೇ ಕಚ್ಚಿಕೊಂಡಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನಿಮ್ಮ ಮೆಕ್ಯಾನಿಕ್ ಎರಡನ್ನೂ ಕೈಯಲ್ಲಿ ಹಿಡಿದು ಒಮ್ಮೆ ನೋಡಿದ್ದರೆ ಸಾಕಿತ್ತು. ಡಿಸ್ಕ್ 45ರಿಂದ 37 ಮಿ.ಮೀ.ಗೆ ಇಳಿದಿದೆ, ಬದಲಾಯಿಸಲೇಬೇಕು ಎಂದು ವರ್ನಿಯರ್ ಹಿಡಿದು ನನಗೆ ತೋರಿಸಿದ್ದರು, ನಾನು ಒಪ್ಪಿದ್ದೆ. ಅದೇ ಕಾಳಜಿ ಪಿನ್ನಿನ ಮೇಲೆ ಏಕೆ ಇರಲಿಲ್ಲ? ಜಾಬ್ ಕಾರ್ಡಿನಲ್ಲಿ ‘ಕ್ಯಾಲಿಪರ್ ಪರಿಶೀಲನೆ’ ಎಂಬಲ್ಲಿ ಸರಿ ಗುರುತು ಹಾಕಲಾಗಿದೆ. ಅದು ಸುಳ್ಳು.

ಎಡ ಕ್ಯಾಲಿಪರನ್ನು ನಿಮ್ಮ ಖರ್ಚಿನಲ್ಲಿ ಬದಲಾಯಿಸಿಕೊಡಬೇಕು. ಒಂದು ಬದಿ ಹೊಸದು, ಇನ್ನೊಂದು ಬದಿ ಸವೆದದ್ದು ಹಾಕಿದರೆ ಹಿಡಿತ ಸಮನಾಗಿರುವುದಿಲ್ಲವಾದ್ದರಿಂದ ಆಕ್ಸಲ್‌ನ ಎರಡೂ ಬದಿಗೆ ಡಿಸ್ಕ್, ಪ್ಯಾಡ್ ಜೊತೆಯಾಗಿ ಹಾಕಬೇಕು. ಬಲಗಡೆಯ ಪಿನ್‌ಗಳನ್ನೂ ಬಿಚ್ಚಿ ನೋಡಬೇಕು. ಲಾರಿ ಎಳೆಸಿದ ಖರ್ಚು, ಕಂಟೇನರನ್ನು ಬೇರೆ ಲಾರಿಗೆ ಒಪ್ಪಿಸಿದ ಬಾಡಿಗೆ ಮತ್ತು ನಿಂತ ದಿನಗಳ ನಷ್ಟ ಕೊಡಬೇಕು, ರಸೀದಿಗಳನ್ನು ಲಗತ್ತಿಸಿದ್ದೇನೆ. ಮೆಕ್ಯಾನಿಕ್ ಹುಡುಗನ ಕೆಲಸ ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಬಿಚ್ಚಿದ ಒಳ, ಹೊರ ಪ್ಯಾಡ್‌ಗಳ ಅಳತೆಯನ್ನು ಜಾಬ್ ಕಾರ್ಡಿನಲ್ಲಿ ಬರೆದು ಮಾಲೀಕನ ಸಹಿ ಪಡೆಯುವ ಪದ್ಧತಿಯನ್ನು ನಿಮ್ಮಲ್ಲಿ ತನ್ನಿ.

ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಲಾರಿ ವ್ಯಾಪಾರದ ಬಾಬತ್ತು, ಗ್ರಾಹಕ ಕಾನೂನಿಗೆ ಬರುವುದಿಲ್ಲ ಎಂಬ ಮಾತು ನಿಮ್ಮ ಕಚೇರಿಯಿಂದ ಬಂದಿದೆ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕೆಂದೇ ಬಳಸುವವನನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕನೆಂದೇ ಕಾಣುತ್ತದೆ.

ಲಾರಿ ಸಕಲೇಶಪುರದ ಗ್ಯಾರೇಜಿನಲ್ಲಿ ಬಿಚ್ಚಿದ ಸ್ಥಿತಿಯಲ್ಲೇ ನಿಂತಿದೆ. ಕಚ್ಚಿಕೊಂಡ ಕ್ಯಾಲಿಪರನ್ನು ಮುಟ್ಟಬಾರದೆಂದು ಹೇಳಿದ್ದೇನೆ. ನಿಮ್ಮವರು ಬಂದು ತಮ್ಮ ಕೈಯಿಂದಲೇ ತಳ್ಳಿ ನೋಡಲಿ.

ಇಂತಿ,
ಲಾರಿ ಮಾಲೀಕ ಮತ್ತು ಚಾಲಕ, ಹಾಸನ

ಲಗತ್ತು: ಬಿಲ್ ಮತ್ತು ಜಾಬ್ ಕಾರ್ಡ್ ನಕಲು, ಎಂಟು ಪ್ಯಾಡ್‌ಗಳ ಫೋಟೋ, ಖರ್ಚಿನ ರಸೀದಿಗಳು