ಸಾವಿರ ಕುಲಾವಿ, ಎರಡು ಕಮ್ಮಿ

ನಿನ್ನೆ ಕೊನೆಯ ಚೀಲ ಕೊಟ್ಟು ಬಂದೆವು. ತಿಂಗಳು ತುಂಬುವ ಮುಂಚೆ ಹುಟ್ಟಿದ ಮಕ್ಕಳ ವಾರ್ಡಿಗೆ ಸಾವಿರ ಕುಲಾವಿ ಹೆಣೆದು ಕೊಡುತ್ತೇವೆ ಅಂತ ನಾಲ್ಕು ವರ್ಷದ ಹಿಂದೆ ಮಾತು ಕೊಟ್ಟಿದ್ದು ನಾನೇ. ಆಗ ಗುಂಪಿನಲ್ಲಿ ಇದ್ದಿದ್ದು ಮೂರೇ ಜನ, ಅದರಲ್ಲೂ ಒಬ್ಬರಿಗೆ ಕಡ್ಡಿ ಹಿಡಿಯೋಕೂ ಬರುತ್ತಿರಲಿಲ್ಲ. ಈಗ ಹನ್ನೊಂದು ಜನ ಇದ್ದೇವೆ. ಸಾವಿರ ಆಯಿತಾ ಅಂತ ಕೇಳಿದರೆ ಆಯಿತು ಅಂತಲೂ ಹೇಳಬಹುದು, ಆಗಲಿಲ್ಲ ಅಂತಲೂ ಹೇಳಬಹುದು. ಅದು ಕೊನೆಗೆ. ಮೊದಲು ಥ್ಯಾಂಕ್ಸ್ ಹೇಳಬೇಕಾದವರು ತುಂಬ ಜನ ಇದ್ದಾರೆ.

ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದರಂತೆ ಅಂತ ಗಾದೆ ಇದೆಯಲ್ಲ, ಈ ನಾಲ್ಕು ವರ್ಷದಲ್ಲಿ ಅದನ್ನು ನನಗೆ ಹೇಳದವರೇ ಇಲ್ಲ. ಹೇಳಿ ನಕ್ಕವರಿಗೆಲ್ಲ ನನ್ನದು ಒಂದೇ ಉತ್ತರ, ಈ ಕೂಸುಗಳಿಗೆ ಹಾಗೇ ಮಾಡಬೇಕು. ಇವು ಹೇಳಿ ಕೇಳಿ ಬರುವುದಿಲ್ಲ. 37 ವಾರ ತುಂಬುವ ಮುಂಚೆ ಹುಟ್ಟಿದರೆ ಅವಧಿಗೆ ಮುಂಚಿನ ಮಗು ಅನ್ನುತ್ತಾರೆ. 28 ವಾರಕ್ಕೇ ಬಂದುಬಿಡುವವೂ ಇವೆ, ತೂಕ ಹೆಚ್ಚುಕಮ್ಮಿ ಒಂದು ಕಿಲೋ. ಅಪ್ಪ ಅಮ್ಮ ಇನ್ನೂ ಒಂದು ಬಟ್ಟೆ ಕೂಡ ತಂದಿಟ್ಟಿರುವುದಿಲ್ಲ, ತಂದಿದ್ದರೂ ಅದು ತಿಂಗಳು ತುಂಬಿದ ಮಗುವಿನ ಅಳತೆಯದ್ದು, ಇದರ ತಲೆಗೆ ಹಾಕಿದರೆ ಗಲ್ಲದವರೆಗೆ ಇಳಿಯುತ್ತದೆ.

ಮೊದಲ ಥ್ಯಾಂಕ್ಸ್ ನಮ್ಮನ್ನು ವಾಪಸ್ ಕಳಿಸಿದ ಸಿಸ್ಟರ್‌ಗೆ. ಹೌದು, ವಾಪಸ್ ಕಳಿಸಿದ್ದಕ್ಕೇ.

ಮೊದಲ ಸಲ ನಲವತ್ತು ಕುಲಾವಿ ತಗೊಂಡು ಹೋಗಿದ್ದೆವು. ಎಷ್ಟು ಚಂದ ಇದ್ದವು ಗೊತ್ತಾ! ನೆತ್ತಿಯ ಮೇಲೆ ಕುಚ್ಚು, ಪಕ್ಕದಲ್ಲಿ ಮುತ್ತಿನ ಗುಂಡಿ, ಬೆಕ್ಕಿನ ಮರಿಯ ಹಾಗೆ ಜೂಲು ಜೂಲಾದ ನೂಲು. ನಾವು ಮೂರು ಜನ ಹೊಗಳಿಕೆ ಕೇಳೋಕೆ ಸಿದ್ಧವಾಗಿ ನಿಂತಿದ್ದೆವು. ಆ ಸಿಸ್ಟರ್ ಒಂದೊಂದನ್ನೇ ತೆಗೆದು, ಒಳಗೆ ಬೆರಳು ಹಾಕಿ ಎಳೆದು, ತಿರುಗಿಸಿ ನೋಡಿ, ಮೇಜಿನ ಮೇಲೆ ಎರಡು ಗುಡ್ಡೆ ಮಾಡಿದರು. ಒಂದರಲ್ಲಿ ಮೂವತ್ತೇಳು, ಇನ್ನೊಂದರಲ್ಲಿ ಮೂರು. "ಈ ಮೂರು ಆಗುತ್ತವೆ" ಅಂದರು.

ನನಗೆ ಕೋಪ ಬಂತು, ಸುಳ್ಳು ಯಾಕೆ ಹೇಳಲಿ. ಪುಕ್ಕಟೆ ಕೊಡುತ್ತಿದ್ದೇವೆ, ಅದಕ್ಕೂ ಹೀಗಾ ಅನಿಸಿತು. ಅವರು ಡ್ಯೂಟಿ ಮಧ್ಯದಲ್ಲಿ ನಮಗೆ ಹದಿನೈದು ನಿಮಿಷ ಕೊಟ್ಟು ಎಲ್ಲ ಹೇಳಿದರು. ಕುಚ್ಚು, ಗುಂಡಿ ಕಿತ್ತು ಬರುತ್ತವೆ. ಜೂಲಿನ ಎಳೆಗಳು ಉದುರಿ ಮೂಗಿನ ನಳಿಕೆಯ ಹತ್ತಿರ ಅಂಟಿಕೊಳ್ಳುತ್ತವೆ. ಜಾಲರಿ ತೂತುಗಳಿದ್ದರೆ ಅದರಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ. ಎರಡು ಅಂಚು ಸೇರಿಸಿ ಹೊಲಿದ ಕಡೆ ಗಟ್ಟಿ ಗೆರೆ ಬರುತ್ತದಲ್ಲ, ಮಗು ಆ ಕಡೆ ಮಗ್ಗುಲಾಗಿ ಮಲಗಿದರೆ ಅದು ತಲೆಗೆ ಒತ್ತುತ್ತದೆ. ಆಮೇಲೆ ಡ್ರಾಯರಿನಿಂದ ಒಂದು ಪುಟಾಣಿ ಕುಲಾವಿ ತೆಗೆದು ತೋರಿಸಿದರು, ಗೊಂಬೆಗೂ ಆಗದಷ್ಟು ಪುಟಾಣಿ, ಹಲಗೆಯ ಹಾಗೆ ಗಟ್ಟಿ. ಯಾರೋ ಶುದ್ಧ ಉಣ್ಣೆಯಲ್ಲಿ ಹೆಣೆದು ಕೊಟ್ಟಿದ್ದಂತೆ. ಅಲ್ಲಿ ಎಲ್ಲವನ್ನೂ ಬಿಸಿ ನೀರಲ್ಲೇ ಒಗೆಯಬೇಕು, ಒಂದೇ ಒಗೆತಕ್ಕೆ ಉಣ್ಣೆ ಕುಗ್ಗಿ ಹೀಗಾಯಿತು ಅಂದರು. ಹತ್ತಿ ನೂಲು ತನ್ನಿ, ಇಲ್ಲಾಂದ್ರೆ ಮೆತ್ತಗಿರುವ ಅಕ್ರಿಲಿಕ್ ತನ್ನಿ, ಒಗೆದರೂ ಹಾಗೇ ಇರುವಂಥದ್ದು.

ಅಳತೆ ಕೂಡ ಅವರೇ ಬರೆದು ಕೊಟ್ಟರು. ತಿಂಗಳು ತುಂಬಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್. 28 ವಾರದ್ದು 25-26 ಅಷ್ಟೇ, ಅಂದರೆ ಟೆನಿಸ್ ಚೆಂಡಿಗಿಂತ ಸ್ವಲ್ಪ ದೊಡ್ಡದು. ಕುಲಾವಿ ಹಿಗ್ಗುತ್ತದೆ, ಹಾಗಾಗಿ ತಲೆಗಿಂತ ಎರಡು ಮೂರು ಸೆಂಟಿಮೀಟರ್ ಕಮ್ಮಿ ಹೆಣೆಯಬೇಕು, ಇಲ್ಲಾಂದ್ರೆ ಜಾರಿ ಕಣ್ಣ ಮೇಲೆ ಬರುತ್ತದೆ.

ಇಷ್ಟಕ್ಕೂ ಕುಲಾವಿಯೇ ಯಾಕೆ, ಕಾಲುಚೀಲ ಯಾಕಲ್ಲ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಹುಟ್ಟಿದ ಮಗುವಿನ ಮೈಯಲ್ಲಿ ಸುಮಾರು ಐದನೇ ಒಂದು ಪಾಲು ಬರೀ ತಲೆಯೇ. ಚರ್ಮದ ಕೆಳಗೆ ಕೊಬ್ಬು ಇನ್ನೂ ಕೂಡಿರುವುದಿಲ್ಲ, ತಲೆಯಿಂದ ಶಾಖ ಹೋಗುತ್ತಲೇ ಇರುತ್ತದೆ. ಮೈ ಬೆಚ್ಚಗೆ ಇಟ್ಟುಕೊಳ್ಳೋಕೆ ಮಗು ತನ್ನ ಶಕ್ತಿಯೆಲ್ಲ ಖರ್ಚು ಮಾಡಿದರೆ ಬೆಳೆಯೋಕೆ ಏನು ಉಳಿಯುತ್ತದೆ ಹೇಳಿ. ತಾಯಿಯ ಎದೆಗೆ ಬರಿಮೈ ಮಗುವನ್ನು ಅವಚಿ ಇಡುವ ಕಾಂಗರೂ ಆರೈಕೆ ಇದೆಯಲ್ಲ, 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಹೋದಾಗ ವೈದ್ಯರು ಶುರು ಮಾಡಿದ್ದು, ಅದರಲ್ಲೂ ಮಗುವಿನ ಮೈಮೇಲೆ ಡೈಪರ್ ಮತ್ತು ತಲೆಗೆ ಟೊಪ್ಪಿ ಬಿಟ್ಟರೆ ಬೇರೇನೂ ಇರುವುದಿಲ್ಲ ಅನ್ನಬಹುದು. ಆ ಟೊಪ್ಪಿ ನಾವು ಹೆಣೆದಿದ್ದು ಆಗಿರಬಹುದು ಅಂತ ತಿಳಿದ ದಿನ ಕೋಪ ಎಲ್ಲ ಇಳಿಯಿತು. ಮೂವತ್ತೇಳನ್ನೂ ಬಿಚ್ಚಿದೆವು.

ಇನ್ನೊಂದು ಮಾತು, ಅದೂ ಅವರೇ ಹೇಳಿದ್ದು: ಮಗು ಗುಣವಾಗಿ ಮನೆಗೆ ಹೋದ ಮೇಲೆ ಮಲಗಿಸುವಾಗ ಟೊಪ್ಪಿ ಹಾಕಬಾರದು, ಮೈ ವಿಪರೀತ ಬಿಸಿಯಾಗುತ್ತದೆ, ಮುಖದ ಮೇಲೆ ಜಾರಲೂಬಹುದು. ಈಗ ಪ್ರತಿ ಕುಲಾವಿಯ ಜೊತೆ ಇದನ್ನು ಒಂದು ಚೀಟಿಯಲ್ಲಿ ಬರೆದು ಇಡುತ್ತೇವೆ.

ನಮ್ಮ ಹಾಗೆ ಕೇಳದೆ ಹೆಣೆದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ ಬಿಡಿ. ಆಸ್ಟ್ರೇಲಿಯಾದ ಫಿಲಿಪ್ ದ್ವೀಪದಲ್ಲಿ ಎಣ್ಣೆ ಮೆತ್ತಿಕೊಂಡ ಪೆಂಗ್ವಿನ್‌ಗಳಿಗೆ ತೊಡಿಸೋಕೆ ಪುಟ್ಟ ಸ್ವೆಟರ್ ಬೇಕು ಅಂದಿದ್ದರು. ತೊಳೆಯುವವರೆಗೆ ಅವು ಗರಿ ಕೊಕ್ಕಿನಲ್ಲಿ ತೀಡಿ ಎಣ್ಣೆ ನುಂಗದಿರಲಿ ಅಂತ. ಎಲ್ಲ ಕಡೆಯಿಂದ ಎಷ್ಟು ಬಂದವು ಅಂದರೆ, ಸಾಕಪ್ಪಾ ಸಾಕು ಅಂತ ಅವರೇ ಹೇಳಬೇಕಾಯಿತು, ಮಿಕ್ಕಿದ್ದನ್ನು ಗೊಂಬೆ ಪೆಂಗ್ವಿನ್‌ಗೆ ತೊಡಿಸಿ ಮಾರಿದರು. ನಾನು ಇದನ್ನು ಓದಿ ನಕ್ಕೆ, ಆಮೇಲೆ ನಮ್ಮ ಮುತ್ತಿನ ಗುಂಡಿ ನೆನಪಾಗಿ ಸುಮ್ಮನಾದೆ.

ಎರಡನೇ ಥ್ಯಾಂಕ್ಸ್ ನಮ್ಮ ಮೇಷ್ಟ್ರಿಗೆ. ಗುಂಪಿನಲ್ಲಿ ಇರುವ ಒಬ್ಬರೇ ಗಂಡಸು, ರಿಟೈರ್ ಆದ ಕೆಮಿಸ್ಟ್ರಿ ಮೇಷ್ಟ್ರು. ಹೆಣಿಗೆ ಕಲಿತದ್ದು ಅರವತ್ತಾದ ಮೇಲೆ, ಇವತ್ತಿಗೂ ನೆತ್ತಿ ಇಳಿಸುವ ಕಡೆ ಎಣಿಕೆ ತಪ್ಪುತ್ತಾರೆ (ಸರ್, ಕ್ಷಮಿಸಿ, ನಿಜ ತಾನೇ?). ಆದರೆ ಅವರು ಇಲ್ಲದಿದ್ದರೆ ದಾನವಾಗಿ ಬಂದ ನೂಲಿನಲ್ಲಿ ಅರ್ಧ ಎಸೆಯುತ್ತಿದ್ದೆವು. ಜನ ಮನೆಯಲ್ಲಿ ಉಳಿದ ಉಂಡೆಗಳನ್ನು ತಂದು ಕೊಡುತ್ತಾರೆ, ಮೇಲಿನ ಲೇಬಲ್ ಯಾವತ್ತೋ ಹೋಗಿರುತ್ತದೆ, ಉಣ್ಣೆಯೋ ಅಕ್ರಿಲಿಕ್ಕೋ ಗೊತ್ತಾಗುವುದಿಲ್ಲ. ಮೇಷ್ಟ್ರು ಒಂದು ಎಳೆ ಕತ್ತರಿಸಿ, ಚಿಮಟದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಬೆಂಕಿ ತೋರಿಸುತ್ತಾರೆ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಮುಟ್ಟಿದರೆ ಪುಡಿಯಾದರೆ ಉಣ್ಣೆ. ಕಾಗದ ಉರಿದ ಹಾಗೆ ಉರಿದರೆ ಹತ್ತಿ. ಕರಗಿ ಕಪ್ಪು ಮಣಿಯ ಹಾಗೆ ಗಟ್ಟಿಯಾದರೆ ಅಕ್ರಿಲಿಕ್ ಥರದ್ದು. ಉಣ್ಣೆ ಅಂತ ಗೊತ್ತಾದದ್ದನ್ನು ಬೇರೆ ಮಾಡಿ ದೊಡ್ಡವರ ಮಫ್ಲರಿಗೆ ಕೊಟ್ಟೆವು. ನೂಲು ಕೊಟ್ಟ ಎಲ್ಲರಿಗೂ, ಕೊಟ್ಟು ಹೆಸರೂ ಹೇಳದೆ ಹೋದವರಿಗೂ ಇಲ್ಲೇ ನಮಸ್ಕಾರ. ನೂರು ಗ್ರಾಂ ಉಂಡೆಯೊಂದರಲ್ಲಿ ನಾಲ್ಕೈದು ಕುಲಾವಿ ಆಗುತ್ತದೆ, ಸಾವಿರಕ್ಕೆ ಎಷ್ಟು ಉಂಡೆ ಬೇಕು ನೀವೇ ಲೆಕ್ಕ ಹಾಕಿ.

ಈಗ ನನ್ನ ಕೈ ವಿಷಯ.

ಹೋದ ವರ್ಷ ಎಂಟು ನೂರರ ಹತ್ತಿರ ಬಂದಾಗ ನನಗೆ ಹುಚ್ಚು ಹಿಡಿದ ಹಾಗಾಗಿತ್ತು. ದಿನಕ್ಕೆ ಮೂರು ಹೆಣೆಯುತ್ತಿದ್ದೆ, ರಾತ್ರಿ ಎಲ್ಲರೂ ಮಲಗಿದ ಮೇಲೂ. ಹೆಬ್ಬೆರಳ ಬುಡದಲ್ಲಿ ನೋವು ಶುರುವಾಯಿತು, ನಾನು ಮುಲಾಮು ಹಚ್ಚಿ ಮುಂದುವರೆಸಿದೆ. ಒಂದು ದಿನ ಬಾಗಿಲ ಚಿಲಕ ತೆಗೆಯೋಕೆ ಆಗಲಿಲ್ಲ, ನೀರಿನ ಲೋಟ ಕೈಯಿಂದ ಜಾರಿತು. ಡಾಕ್ಟರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ ಮಣಿಕಟ್ಟನ್ನು ಕಿರುಬೆರಳ ಕಡೆ ಬಗ್ಗಿಸಿದರು, ನಾನು ಕಿರುಚಿದೆ, ಅವರು ತಲೆ ಆಡಿಸಿದರು. ಡಿ ಕರ್ವೇನ್ ಅಂತೆ. 1895ರಲ್ಲಿ ಆ ಹೆಸರಿನ ಸ್ವಿಟ್ಜರ್ಲೆಂಡಿನ ವೈದ್ಯರು ಇದರ ಬಗ್ಗೆ ಬರೆದಿದ್ದರಂತೆ. ಹೆಬ್ಬೆರಳ ನರದಂಥ ದಾರಗಳು ಹಾದುಹೋಗುವ ಕೊಳವೆ ಊದಿಕೊಂಡು ಬಿಗಿಯಾಗುತ್ತದೆ. ಆರು ವಾರ ಪಟ್ಟಿ, ಹೆಣಿಗೆ ಪೂರ್ತಿ ಬಂದ್. "ಕುಲಾವಿ ಬೇಕಾ, ಕೈ ಬೇಕಾ" ಅಂತ ಬೈದ ಆ ಡಾಕ್ಟರಿಗೆ, ವ್ಯಾಯಾಮ ಹೇಳಿಕೊಟ್ಟ ಫಿಸಿಯೋ ಹುಡುಗಿಗೆ ಥ್ಯಾಂಕ್ಸ್. ಆಗ ನಿಮ್ಮಿಬ್ಬರ ಮೇಲೂ ಸಿಟ್ಟಿತ್ತು.

ಆ ಆರು ವಾರ ನಾನು ಸರಿ ಇರಲಿಲ್ಲ. ಮನೆಯವರನ್ನು ಕೇಳಿ, ಹೇಳುತ್ತಾರೆ. ಕೈಗೆ ಕೆಲಸ ಇಲ್ಲದಿದ್ದರೆ ನನಗೆ ಬೇಡದ್ದೆಲ್ಲ ತಲೆಗೆ ಬರುತ್ತದೆ. ಗುಂಪಿಗೆ ಹೋಗೋದೂ ಬಿಟ್ಟೆ, ಬರೀ ಕೈಯಲ್ಲಿ ಹೋಗಿ ಏನು ಮಾಡಲಿ ಅಂತ. ಅವತ್ತು ಮನೆಗೆ ಬಂದವಳು ನಮ್ಮ ಗುಂಪಿನ ಅತಿ ಚಿಕ್ಕವಳು, ಎಡಗೈಯವಳು, ಬಂದವಳೇ ನನ್ನ ಅರ್ಧ ಆಗಿದ್ದ ಹೆಣಿಗೆಗಳಿದ್ದ ಚೀಲ ಎತ್ತಿಕೊಂಡಳು. "ಅಕ್ಕಾ, ಇವನ್ನು ನಾನು ಮುಗಿಸುತ್ತೇನೆ, ನೀವು ಬಂದು ಎಣಿಸಿ ಸಾಕು" ಅಂದಳು. ಹೋದೆ. ಎಣಿಸಿದೆ, ಚೀಟಿ ಬರೆದೆ (ಎಡಗೈಯಲ್ಲಿ, ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ), ಎಲ್ಲರ ತಪ್ಪು ಹುಡುಕಿದೆ.

ನನ್ನ ಕೈ ಬಿಗಿ. ದುಡ್ಡಿನ ವಿಷಯದಲ್ಲಿ ಅಲ್ಲ, ಹೆಣಿಗೆಯಲ್ಲಿ. ಅವಳ ಕೈ ಸಡಿಲ. ಅದೇ ನೂಲು, ಅದೇ ಕಡ್ಡಿ, ಅದೇ 50 ಕುಣಿಕೆ, ನಾನು ಹೆಣೆದರೆ ಸುತ್ತಳತೆ 20 ಸೆಂಟಿಮೀಟರ್ ಬರುತ್ತದೆ, ಅವಳು ಹೆಣೆದರೆ 23ರ ಹತ್ತಿರ. ಅದಕ್ಕೇ ಎಲ್ಲರೂ ಮೊದಲು ಒಂದು ಸಣ್ಣ ತುಂಡು ಹೆಣೆದು ಅಳೆದುಕೊಳ್ಳಬೇಕು ಅನ್ನೋದು, ಯಾರೂ ಮಾಡೋಲ್ಲ, ಅದು ಬೇರೆ ಮಾತು. ಅವಳು ಮುಗಿಸಿ ತಂದ ಮೊದಲ ಕುಲಾವಿ ತಿಳಿನೀಲಿ. ಅಂಚಿನಿಂದ ಮೂರು ಬೆರಳಷ್ಟು ನನ್ನದು, ಸಾಲುಗಳು ಒತ್ತೊತ್ತಾಗಿ ಹಲ್ಲು ಕಚ್ಚಿ ಕೂತ ಹಾಗೆ. ಅಲ್ಲಿಂದ ಮೇಲೆ ಅವಳದ್ದು. ನಡುವೆ ಒಂದು ಗೆರೆ, ಬೆರಳು ಆಡಿಸಿದರೆ ಸಣ್ಣ ಮೆಟ್ಟಿಲಿನ ಹಾಗೆ ಗೊತ್ತಾಗುತ್ತಿತ್ತು. ಗೆರೆಯಿಂದ ಮೇಲೆ ಕುಲಾವಿ ಉಸಿರು ಬಿಟ್ಟ ಹಾಗೆ ಅಗಲವಾಗಿತ್ತು, ಅಣಬೆಯ ಥರ. ಬಿಚ್ಚಿ ಮತ್ತೆ ಹೆಣಿ ಅಂತ ಬಾಯಿಗೆ ಬಂದಿತ್ತು. ಹೇಳಲಿಲ್ಲ. ಅಂಥವು ಹದಿನಾಲ್ಕು ಮಾಡಿದಳು, ಸಿಸ್ಟರ್ ಹದಿನಾಲ್ಕನ್ನೂ ಒಪ್ಪಿಕೊಂಡರು. ಹಣೆಯ ಹತ್ತಿರ ಬಿಗಿ, ನೆತ್ತಿಯ ಹತ್ತಿರ ಸಡಿಲ, ಇದು ಜಾರುವುದೇ ಇಲ್ಲವಲ್ಲ, ಹೇಗೆ ಮಾಡಿದಿರಿ ಅಂತ ಕೇಳಿದರು! ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅದೊಂದು ಹೊಸ ಡಿಸೈನು ಅಂದುಬಿಟ್ಟೆ. ಪುಟ್ಟಿ, ಆ ಡಿಸೈನು ನಿನ್ನದೇ, ಇವತ್ತು ಎಲ್ಲರ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ಮನೆಯವರಿಗೆ, ಸೋಫಾದಲ್ಲಿ ಕೂರುವ ಮುಂಚೆ ಕಡ್ಡಿ ಇದೆಯಾ ಅಂತ ತಡವಿ ನೋಡಿ ಕೂತಿದ್ದಕ್ಕೆ. ಮಗನಿಗೆ, ಲಡಿ ಬಿಚ್ಚಿ ಉಂಡೆ ಸುತ್ತುವಾಗ ಗಂಟೆಗಟ್ಟಲೆ ಎರಡೂ ಕೈ ಚಾಚಿ ನಿಂತಿದ್ದಕ್ಕೆ. ಉಳಿದ ಎಂಟು ಜನ ಗೆಳತಿಯರಿಗೆ, ನಿಮ್ಮ ಬಗ್ಗೆ ಬರೆಯೋಕೆ ಹೋದರೆ ಜಗಳಗಳನ್ನೂ ಬರೆಯಬೇಕಾಗುತ್ತದೆ, ಬೇಡ ಅಲ್ವಾ?

ಹಾಂ, ಸಾವಿರದ ಲೆಕ್ಕ. ನಿನ್ನೆ ಕೊನೆಯ ಚೀಲದಲ್ಲಿ ಅರವತ್ತು ಇದ್ದವು. ಹಾರ ತುರಾಯಿ ಇಲ್ಲದಿದ್ದರೂ ಒಂದು ಫೋಟೋ ಆದರೂ ತೆಗೆಯಬಹುದು ಅಂತ ಎಲ್ಲರೂ ತಲೆ ಬಾಚಿಕೊಂಡು ಹೋಗಿದ್ದೆವು. ಸಿಸ್ಟರ್ ಎಂದಿನ ಹಾಗೆ ಮೇಜಿನ ಮೇಲೆ ಸುರಿದು, ಒಂದೊಂದರೊಳಗೂ ಬೆರಳು ಹಾಕಿ ಎಳೆದು ನೋಡಿದರು. ಐವತ್ತೆಂಟು ಒಂದು ಕಡೆ. ಎರಡು ನಮ್ಮ ಕಡೆಗೆ ತಳ್ಳಿದರು. ಒಂದರಲ್ಲಿ ನೂಲಿನ ತುದಿ ಒಳಗೆ ಸರಿಯಾಗಿ ಸೇರಿಸಿರಲಿಲ್ಲ, ಅದು ಮೇಷ್ಟ್ರದ್ದು. ಇನ್ನೊಂದು ತೀರಾ ಬಿಗಿ, ಯಾರದ್ದು ಅಂತ ಯಾರೂ ಕೇಳಲಿಲ್ಲ, ಎಲ್ಲರೂ ನನ್ನ ಕಡೆ ನೋಡಿದರು.

ಹಾಗಾಗಿ ಇವತ್ತಿನ ಲೆಕ್ಕ 998. ಇದನ್ನು ಬರೆಯೋಕೆ ಮುಂಚೆ ನನ್ನದನ್ನು ಪೂರ್ತಿ ಬಿಚ್ಚಿ ಉಂಡೆ ಮಾಡಿ ಇಟ್ಟಿದ್ದೇನೆ. ಡಾಕ್ಟರು ಒಂದು ಸಲಕ್ಕೆ ಇಪ್ಪತ್ತು ನಿಮಿಷ ಮಾತ್ರ ಅಂದಿದ್ದಾರೆ, ಪುಟ್ಟಿ ಫೋನಿನಲ್ಲಿ ಅಲಾರಂ ಇಟ್ಟು ಎದುರಿಗೆ ಕೂತಿದ್ದಾಳೆ.