ಬಾರಕೂರಿನ ಹಾಡುಗಳಿಗೆ ಜೊತೆಯಾದವರಿಗೆ

ಬಾರಕೂರಿನಲ್ಲಿ ಮನೆಯವರೆಲ್ಲ ಸೇರಿ ಮಾಡುತ್ತಾ ಬಂದ ಹಾಡಿನ ವಿಡಿಯೋಗಳ ಪೈಕಿ ಕೊನೆಯದು ದೀಪಾವಳಿಯ ಹೊತ್ತಿಗೆ ಪೂರ್ತಿಯಾಯಿತು. ಅತ್ತೆಯ ಮನೆಯ ಅಂಗಳದಲ್ಲಿ ಬಿಳಿ ಪಂಚೆಯನ್ನು ಪರದೆಯಾಗಿ ಕಟ್ಟಿ ಎಲ್ಲರೂ ಒಟ್ಟಿಗೆ ನೋಡಿದೆವು. ಅಪ್ಪ ಎದುರಿನ ಕುರ್ಚಿಯಲ್ಲಿ ಕುಳಿತಿದ್ದರು. ಹಾಗೆ ಬರೆಯುವ ಭಾಗ್ಯ ನನಗೆ ಬರುತ್ತದೆಯೋ ಇಲ್ಲವೋ ಎಂಬುದು ಮಳೆಗಾಲದ ಆಟಿ ತಿಂಗಳಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಆಸ್ಪತ್ರೆ ಸೇರಿದ ವಿಷಯ ನಿಮಗೆಲ್ಲ ತಿಳಿದೇ ಇದೆ, ಅದನ್ನು ಮತ್ತೆ ಎತ್ತುವುದಿಲ್ಲ. ಋಣ ದೊಡ್ಡದು, ಅದನ್ನು ಬಾಯಿಬಿಟ್ಟು ಹೇಳಬೇಕೆಂದು ಇಷ್ಟನ್ನು ಬರೆಯುತ್ತಿದ್ದೇನೆ.

ಬಾರಕೂರನ್ನು ನೋಡದವರಿಗಾಗಿ ಊರಿನ ಬಗ್ಗೆ ಎರಡು ಮಾತು ಹೇಳಬೇಕು. ಉಡುಪಿಯಿಂದ ಉತ್ತರಕ್ಕೆ, ಬ್ರಹ್ಮಾವರ ದಾಟಿ, ಸೀತಾನದಿಯ ಸಮೀಪದಲ್ಲಿರುವ ಈ ಊರು ಆಳುಪರ ರಾಜಧಾನಿಯಾಗಿತ್ತು. ವಿಜಯನಗರದ ಕಾಲದಲ್ಲಿ ಕರಾವಳಿಯ ಎರಡು ರಾಜ್ಯಗಳಲ್ಲಿ ಒಂದು ಮಂಗಳೂರು, ಇನ್ನೊಂದು ಬಾರಕೂರು. 14ನೆಯ ಶತಮಾನದಲ್ಲಿ ಈ ಕರಾವಳಿಗೆ ಬಂದ ಇಬ್ನ್ ಬತೂತ 'ಫಾಕನೂರು' ಎಂದು ಬರೆದದ್ದು ಇದೇ ಊರನ್ನು ಎಂದು ವಿದ್ವಾಂಸರು ಗುರುತಿಸುತ್ತಾರೆ. ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನಗಳಿದ್ದವು ಎಂಬ ಮಾತು ಇಲ್ಲಿ ಮಕ್ಕಳ ಬಾಯಲ್ಲೂ ಇದೆ. ಈಗ ಉಳಿದಿರುವುದು ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂಬ ಕೇರಿಗಳ ಹೆಸರುಗಳು, ಕೆಲವು ದೇವಾಲಯಗಳು, ಮುರಕಲ್ಲಿನ ಕೋಟೆಯ ಅವಶೇಷ, ಮತ್ತು ಕಲ್ಲುಚಪ್ಪಡಿಯ ಇಳಿಜಾರು ಮಾಡು ಹೊದ್ದು ನಿಂತಿರುವ ಕತ್ತಲೆ ಬಸದಿ. ಇಷ್ಟು ದೊಡ್ಡ ಊರು ಇಷ್ಟು ಸದ್ದಿಲ್ಲದೆ ಕರಗಿಹೋದಾಗ ಉಳಿದ ಕಲ್ಲುಗಳ ನಡುವೆ ಭಯ ಹುಟ್ಟುವುದು ಸಹಜವೇ. ಮುಸ್ಸಂಜೆಯ ಮೇಲೆ ಆ ಕಡೆ ಹೋಗಬೇಡಿ, ಅಲ್ಲಿ ಸಂಚಾರ ಉಂಟು ಎಂಬ ಎಚ್ಚರಿಕೆಯನ್ನು ಕೇಳುತ್ತಲೇ ನಾವು ಬೆಳೆದವರು. ಆ ಭಯವನ್ನೇ ಹಾಡಾಗಿಸಬೇಕು ಎಂಬ ಆಸೆ ನಮಗೆ ಅಲ್ಲಿಂದಲೇ ಬಂದದ್ದು.

ನಮ್ಮಲ್ಲಿ ಯಾರೂ ಸಿನಿಮಾ ಕಲಿತವರಲ್ಲ. ಅಮ್ಮ ಹಾಡುತ್ತಿದ್ದರು, ಅಪ್ಪ ಹಾರ್ಮೋನಿಯಂ ಹಿಡಿಯುತ್ತಿದ್ದರು, ತಮ್ಮ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದ, ಅಕ್ಕನ ಮಕ್ಕಳು ನಟಿಸುತ್ತಿದ್ದರು, ಸಂಕಲನ ನನ್ನ ಪಾಲಿಗಿತ್ತು. ನಿಜವಾದ ರಾತ್ರಿಯಲ್ಲಿ ಮೊಬೈಲಿನ ಚಿತ್ರ ಕಾಳುಕಾಳಾಗಿ ಬರುತ್ತದೆ ಎಂಬುದು ತಿಳಿದ ಮೇಲೆ, ಸೂರ್ಯ ಮುಳುಗಿದ ಬಳಿಕ ಆಕಾಶ ನೀಲಿಯಾಗಿ ಉಳಿಯುವ ಸ್ವಲ್ಪ ಹೊತ್ತಿನಲ್ಲೇ ಎಲ್ಲವನ್ನೂ ಮುಗಿಸುವ ಪದ್ಧತಿ ಮಾಡಿಕೊಂಡೆವು. ನಮ್ಮ ಹಾಡುಗಳಲ್ಲಿ ಮಕ್ಕಳು ನೆಲ ಮುಟ್ಟದೆ ತೇಲುವಂತೆ ನಡೆಯುತ್ತಾರಲ್ಲ, ಅದು ಹೇಗೆ ಎಂದು ಅನೇಕರು ಕೇಳಿದ್ದೀರಿ. ಹಾಡನ್ನು ಇಮ್ಮಡಿ ವೇಗದಲ್ಲಿ ಹಾಕಿ, ಸೆಕೆಂಡಿಗೆ 60 ಚೌಕಟ್ಟುಗಳಂತೆ ಸೆರೆಹಿಡಿದು, ಆಮೇಲೆ ಸೆಕೆಂಡಿಗೆ 30ರಂತೆ ಓಡಿಸಿದರೆ ತುಟಿಗಳ ಚಲನೆ ಹಾಡಿನ ಸಹಜ ವೇಗಕ್ಕೆ ಸರಿಯಾಗಿ ಹೊಂದುತ್ತದೆ, ಆದರೆ ಕೈಕಾಲು, ಕೂದಲು, ಸೆರಗು ಎಲ್ಲವೂ ಅರ್ಧ ವೇಗಕ್ಕೆ ಇಳಿಯುತ್ತವೆ. ಇಮ್ಮಡಿ ವೇಗದ ಹಾಡಿಗೆ ಬಾಯಿ ಸೇರಿಸುವುದು ಮಕ್ಕಳಿಗೆ ಸುಲಭವಾಗಿರಲಿಲ್ಲ. ಬಸದಿಯ ಮೆಟ್ಟಿಲ ಮೇಲೆ ನಗು ತಡೆದು ನಿಂತು ಅವರು ಅದನ್ನು ಸಾಧಿಸಿದ ರೀತಿ ನನಗೆ ಇವತ್ತಿಗೂ ಹೆಮ್ಮೆಯ ವಿಷಯ. ಮೊದಲ ಹಾಡಿನ ಹೊತ್ತಿಗೆ ನಮ್ಮಲ್ಲಿ ಸ್ಪೀಕರ್ ಇರಲಿಲ್ಲ. ಅತ್ತೆಯ ಅಡುಗೆಮನೆಯ ಹಿತ್ತಾಳೆಯ ಸೇರಿನೊಳಗೆ ಇನ್ನೊಂದು ಮೊಬೈಲನ್ನು ನಿಲ್ಲಿಸಿ ಹಾಡು ಹಾಕಿದ್ದೆವು; ಅದರಿಂದ ದನಿ ಎದ್ದು ಅಂಗಳದ ಆಚೆಗೂ ಕೇಳುತ್ತಿತ್ತು.

ಚೆಂಡೆ ಮದ್ದಳೆಗೆ ಬಂದ ಮೇಳದ ಗೆಳೆಯರಿಗೆ, ಧ್ವನಿ ತಿದ್ದಿಕೊಟ್ಟ ಮಂಗಳೂರಿನ ಸ್ನೇಹಿತನಿಗೆ, ಬೆಳಕಿಗೆ ಬೇಕಾದಾಗಲೆಲ್ಲ ಬೈಕಿನ ಹೆಡ್‌ಲೈಟ್ ಹಿಡಿದು ನಿಂತ ಭಾವನಿಗೆ, ಸಂಜೆಯ ವಿಶ್ರಾಂತಿ ಬಿಟ್ಟು ದಾರಿ ತೋರಿಸಿದ ಕೇರಿಯ ಹಿರಿಯರಿಗೆ, ಅಪ್ಪನಿಗೆ ರಕ್ತ ಕೊಟ್ಟವರಿಗೆ, ಹಗಲು ರಾತ್ರಿ ನೋಡಿಕೊಂಡ ವೈದ್ಯರಿಗೆ ಮತ್ತು ದಾದಿಯರಿಗೆ, ಆಸ್ಪತ್ರೆಗೆ ಬುತ್ತಿ ತಲುಪಿಸಿದ ನೆರೆಮನೆಯವರಿಗೆ ನಮ್ಮ ಕುಟುಂಬದ ಮನಃಪೂರ್ವಕ ವಂದನೆಗಳು.

ಇನ್ನು ಅತ್ತೆಯ ವಿಷಯ.

ನಮ್ಮದು ಅಳಿಯಕಟ್ಟಿನ ಕುಟುಂಬ, ಅಂದರೆ ಮನೆತನ ಹೆಣ್ಣಿನ ಕಡೆಯಿಂದ ಸಾಗುವ ಪದ್ಧತಿ. ಅಪ್ಪ ಹುಟ್ಟಿದ ಆ ಮನೆ ನನಗೆ ಅತ್ತೆಯ ಮನೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಪಾಲಿನ ಲೆಕ್ಕ ಬದಲಾಗಿರಬಹುದು, ಆದರೆ ಆ ಚಾವಡಿಯಲ್ಲಿ ಇಂದಿಗೂ ಕೊನೆಯ ಮಾತು ಅತ್ತೆಯದೇ. ಹಾಡು ಮಾಡುತ್ತೇವೆ ಎಂದಾಗ ಅವರು ಬೇಡವೆನ್ನಲಿಲ್ಲ, ಕೆಲವು ಷರತ್ತುಗಳನ್ನು ಹಾಕಿದರು. ಹೊರಡುವ ಮೊದಲು ಮನೆಯ ದೈವಕ್ಕೆ ಒಂದು ಮಾತು ಹೇಳಿ ಹೊರಡಬೇಕು. ಪಾಳುಬಿದ್ದಿದ್ದರೂ ಬಸದಿ ಬಸದಿಯೇ, ಚಪ್ಪಲಿ ಹೊರಗೆ ಬಿಡಬೇಕು. ದೈವದ ವೇಷವನ್ನಾಗಲಿ, ಕೋಲದ ನಡೆಯನ್ನಾಗಲಿ ಯಾರೂ ಅನುಕರಿಸಬಾರದು. ಈ ಕೊನೆಯ ಷರತ್ತನ್ನು ನಾವು ಎಲ್ಲಿಯೂ ಮುರಿಯಲಿಲ್ಲ. ಮುರಿದಿದ್ದರೆ ನಮ್ಮ ಹಾಡುಗಳಿಗೆ ಹೆಚ್ಚು ಜನ ಸಿಗುತ್ತಿದ್ದರೇನೋ, ಆದರೆ ನಂಬಿಕೊಂಡು ಬಂದದ್ದನ್ನು ತೋರಿಕೆಯ ಸರಕಾಗಿಸಿ ಪಡೆಯುವ ಮೆಚ್ಚುಗೆ ನಮಗೆ ಬೇಕಿರಲಿಲ್ಲ.

ಅಪ್ಪ ಬಿದ್ದ ಮೇಲೆ ಊರಿನಲ್ಲಿ ಒಂದು ಮಾತು ಹುಟ್ಟಿತು. ಮುಸ್ಸಂಜೆಯಲ್ಲಿ ಕ್ಯಾಮರಾ ಹಿಡಿದು ಅಲ್ಲೆಲ್ಲ ತಿರುಗಿದರೆ ಇನ್ನೇನಾಗುತ್ತದೆ ಎಂಬುದು ಆ ಮಾತು. ಅದನ್ನು ಹೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಕಾರಣ ಕಾಣದ ಕಷ್ಟಕ್ಕೆ ಕಾರಣ ಹುಡುಕುವುದು ಮನುಷ್ಯ ಸ್ವಭಾವ. ಆದರೆ ಆ ದಿನಗಳಲ್ಲಿ ಅದು ನನ್ನೊಳಗೆ ಮುಳ್ಳಿನಂತೆ ಮುರಿದು ಕುಳಿತಿತ್ತು. ಅಪ್ಪನನ್ನು ಬಸದಿಯ ಬಳಿಗೆ ಕರೆದೊಯ್ದವಳು ನಾನೇ ಅಲ್ಲವೇ ಎಂದು ನಿದ್ದೆಯಿಲ್ಲದೆ ಯೋಚಿಸುತ್ತಿದ್ದೆ.

ಎಲ್ಲಕ್ಕಿಂತ ಕೆಟ್ಟ ಆ ರಾತ್ರಿ ಅಮ್ಮ ಮತ್ತು ತಮ್ಮ ಮಣಿಪಾಲದಲ್ಲಿದ್ದರು. ಅಕ್ಕನ ಮಕ್ಕಳನ್ನು ನೋಡಿಕೊಳ್ಳಲೆಂದು ನಾನು ಬಾರಕೂರಿನಲ್ಲಿ ಉಳಿದಿದ್ದೆ. ಬೆಳಗಿನೊಳಗೆ ಏನಾದರೊಂದು ಗೊತ್ತಾಗುತ್ತದೆ ಎಂದು ವೈದ್ಯರು ಹೇಳಿದ್ದರು. ಜಡಿಮಳೆ ಹಿಡಿದಿತ್ತು, ಕರೆಂಟ್ ಹೋಗಿತ್ತು, ಹಂಚಿನ ಮೇಲಿನ ಸದ್ದಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಆ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಚಾವಡಿಯ ಮೂಡುದಿಕ್ಕಿನ ಕಿಟಕಿಯ ಬಳಿ ಮಾತ್ರ. ಅತ್ತೆ ಏನೂ ಹೇಳದೆ ಒಳಗೆ ಹೋಗಿ ಆ ಹಿತ್ತಾಳೆಯ ಸೇರನ್ನು ತಂದು, ಕಿಟಕಿಯ ದಂಡೆಯ ಮೇಲಿಟ್ಟು, ಅದರಲ್ಲಿ ನನ್ನ ಫೋನನ್ನು ನಿಲ್ಲಿಸಿದರು. ಮಳೆ ಎಷ್ಟೇ ಜೋರಾಗಲಿ, ರಿಂಗ್ ಆದರೆ ಕೇಳಬೇಕಲ್ಲ ಎಂದರು. ಆಮೇಲೆ ಚಾಪೆ ಹಾಸಿ ಅದರ ಕೆಳಗೇ ಕುಳಿತರು. ಬೆಳಗಿನವರೆಗೆ ಅಲ್ಲಿಂದ ಎದ್ದದ್ದು ನನಗೆ ಗಂಜಿ ಬಡಿಸುವುದಕ್ಕೆ ಮಾತ್ರ.

ಊರಿನ ಮಾತು ನಿಜವೇ ಎಂದು ನಾನು ಅವರನ್ನು ಕೇಳಿದೆ. ಬೇರೆ ಯಾರನ್ನೂ ಕೇಳುವ ಧೈರ್ಯ ನನಗಿರಲಿಲ್ಲ. ದೈವವನ್ನು ನನಗಿಂತ ನೂರು ಪಾಲು ಹೆಚ್ಚು ನಂಬುವ ಅವರು ಹೌದು ಎಂದಿದ್ದರೆ ನಾನು ಎಂದಿಗೂ ಮತ್ತೆ ಕ್ಯಾಮರಾ ಮುಟ್ಟುತ್ತಿರಲಿಲ್ಲ. ಅವರು ನನ್ನ ಕಡೆ ನೋಡದೆ, "ನನ್ನ ತಮ್ಮನನ್ನು ಸಾಕಿದ ಮಣ್ಣು ಇದು ಮಗಾ. ಸಾಕಿದ್ದು ತಿನ್ನುವುದಿಲ್ಲ. ನೀನು ಊಟ ಮಾಡು," ಎಂದರು.

ಆಮೇಲೆ ಅವರು ಕಥೆ ಹೇಳಿದರು. ಬಾರಕೂರಿನವರಿಗೆ ಗೊತ್ತಿರುವ ಕಥೆಯೇ. ದೇವಪಾಂಡ್ಯನ ಹೊಸ ಹಡಗುಗಳು ನೀರಿಗಿಳಿಯಬೇಕಾದರೆ ಕುಂಡೋದರ ಭೂತ ಬಲಿ ಕೇಳುತ್ತದೆ. ಹೆಂಡತಿ ತನ್ನ ಗಂಡುಮಕ್ಕಳನ್ನು ಕೊಡಲು ಒಪ್ಪದೆ ತವರಿಗೆ ಹೋಗುತ್ತಾಳೆ. ತಂಗಿ ಸತ್ಯವತಿ ಅಣ್ಣನಿಗಾಗಿ ತನ್ನ ಮಗ ಜಯಪಾಂಡ್ಯನನ್ನು ಒಪ್ಪಿಸುತ್ತಾಳೆ. ಕುಂಡೋದರ ಅವನನ್ನು ಕೊಲ್ಲದೆ ಹರಸುತ್ತದೆ. ಅವನೇ ಭೂತಾಳಪಾಂಡ್ಯನಾಗಿ ಬಾರಕೂರನ್ನಾಳಿದ, ಅಳಿಯಕಟ್ಟು ಅಲ್ಲಿಂದ ಆರಂಭವಾಯಿತು ಎಂಬುದು ಐತಿಹ್ಯ. ಚಿಕ್ಕಂದಿನಿಂದ ಕೇಳಿದ ಕಥೆ. ಆದರೆ ತಮ್ಮನ ಜೀವಕ್ಕಾಗಿ ಕಿಟಕಿಯ ಕೆಳಗೆ ಕಾದು ಕುಳಿತ ಅಕ್ಕನೊಬ್ಬಳ ಬಾಯಿಂದ ಅದನ್ನು ಅಂದೇ ಮೊದಲು ಕೇಳಿದೆ. ಕಥೆಯ ನಡುವೆ ಒಂದು ಕಡೆ ಅತ್ತೆ ಮಾತು ನಿಲ್ಲಿಸಿದರು. "ಮಗನನ್ನು ಕೊಟ್ಟಳು ಎಂದು ಎಲ್ಲರೂ ಹೇಳುತ್ತಾರೆ. ಒಪ್ಪಿಕೊಂಡ ಮೇಲೆ ಬೆಳಗಾಗುವವರೆಗೆ ಅವಳು ಹೇಗಿದ್ದಳು ಎಂದು ಯಾರೂ ಹೇಳುವುದಿಲ್ಲ ನೋಡು," ಎಂದರು.

ಫೋನ್ ಬಂದದ್ದು ಕೋಳಿ ಕೂಗುವ ಹೊತ್ತಿಗೆ. ಸೇರಿನೊಳಗಿಂದ ಆ ಸದ್ದು ಎದ್ದಾಗ ನನ್ನ ಕೈ ಅಲುಗಲಿಲ್ಲ. ಫೋನ್ ಎತ್ತಿ ಕಿವಿಗಿಟ್ಟವರು ಅತ್ತೆ. ಆಚೆಯಿಂದ ತಮ್ಮ ಅಳುತ್ತಿದ್ದ, ಅದು ಸಮಾಧಾನದ ಅಳು ಎಂದು ಗೊತ್ತಾಗುವುದಕ್ಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅತ್ತೆ ಫೋನನ್ನು ನನಗೆ ಕೊಟ್ಟು, ದೈವದ ಕೋಣೆಯಲ್ಲಿ ದೀಪ ಹಚ್ಚಿ, ನೇರವಾಗಿ ಹಟ್ಟಿಗೆ ಹೋದರು. ರಾತ್ರಿಯಿಡೀ ಒಂದು ಹನಿ ಕಣ್ಣೀರು ಹಾಕದವರು ಅಲ್ಲಿ ದನದ ಕುತ್ತಿಗೆಗೆ ಮುಖ ಒತ್ತಿ ಬಿಕ್ಕುತ್ತಿದ್ದುದನ್ನು ನಾನು ಬಾಗಿಲಿನಿಂದ ನೋಡಿ ಹಿಂದೆ ಬಂದೆ. ಆ ರಾತ್ರಿ ಅವರು ನನಗಾಗಿ ಎಷ್ಟನ್ನು ಅದುಮಿಟ್ಟುಕೊಂಡಿದ್ದರು ಎಂಬುದು ನೆನಪಾದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಇದನ್ನು ಬರೆಯುತ್ತಿರುವಾಗಲೂ ಕಟ್ಟಿದೆ.

ಕೊನೆಯ ಹಾಡು ಆ ಪ್ರಶ್ನೆಯಿಂದಲೇ ಹುಟ್ಟಿತು. ಅದರಲ್ಲಿ ಹಡಗಿಲ್ಲ, ರಾಜನಿಲ್ಲ, ಭೂತವೂ ಇಲ್ಲ. ಬೆಳಗನ್ನು ಕಾಯುತ್ತಿರುವ ಒಬ್ಬ ತಾಯಿ ಮಾತ್ರ ಇದ್ದಾಳೆ. ಸತ್ಯವತಿಯ ಸಾಲುಗಳನ್ನು ಅತ್ತೆಯೇ ಹಾಡಬೇಕೆಂದು ಅಪ್ಪ ಹಟ ಹಿಡಿದರು. ತಾನು ಹಾಡುವವಳಲ್ಲ ಎಂದು ಅತ್ತೆ ಬಹಳ ದಿನ ಒಪ್ಪಲಿಲ್ಲ. ಕೊನೆಗೆ ಒಪ್ಪಿದ್ದು ಅಪ್ಪ ಹಾರ್ಮೋನಿಯಂ ಮುಂದೆ ಮತ್ತೆ ಕುಳಿತ ದಿನ. ಅವರ ಬೆರಳುಗಳಿಗೆ ಇನ್ನೂ ಪೂರ್ತಿ ಶಕ್ತಿ ಬಂದಿರಲಿಲ್ಲವಾದ್ದರಿಂದ ಶ್ರುತಿಯನ್ನಷ್ಟೇ ಹಿಡಿದರು. ಅತ್ತೆಯ ದನಿ ಎರಡನೆಯ ಚರಣದಲ್ಲಿ ಒಡೆಯುತ್ತದೆ. ಅದನ್ನು ಮತ್ತೆ ಹಾಡಿಸೋಣವೇ ಎಂದು ಸ್ನೇಹಿತರು ಕೇಳಿದಾಗ ಬೇಡವೆಂದೆ. ಆ ಹಾಡಿನಲ್ಲಿ ನನಗೆ ಅತ್ಯಂತ ಸತ್ಯವೆನಿಸುವ ಜಾಗ ಅದೇ.

ಹಾಡಿನ ಕೊನೆಯಲ್ಲಿ ಎಲ್ಲರ ಹೆಸರು ಬರುತ್ತದೆ, ಅತ್ತೆಯದು ಬರುವುದಿಲ್ಲ. ಮನೆಯ ಕೆಲಸಕ್ಕೆ ಮನೆಯವರ ಹೆಸರು ಯಾಕೆ ಎಂದು ಅವರು ಬಿಡಿಸಿ ಹೇಳಿದರು. ಅತ್ತೆ, ಆ ಮಾತನ್ನು ನಾನು ಮೀರಲಿಲ್ಲ. ಇಲ್ಲಿಯೂ ನಿಮ್ಮ ಹೆಸರು ಬರೆದಿಲ್ಲ. ಆದರೆ ಆ ರಾತ್ರಿ ನೀವು ಕಿಟಕಿಯ ಕೆಳಗೆ ಕುಳಿತಿರದಿದ್ದರೆ ನಾನು ಬೆಳಗನ್ನು ಕಾಣುತ್ತಿದ್ದ ಬಗೆ ಬೇರೆಯಾಗಿರುತ್ತಿತ್ತು ಎಂಬುದನ್ನು ನಮ್ಮ ಹಾಡು ಕೇಳಿದವರೆಲ್ಲರೂ ತಿಳಿಯಬೇಕೆಂದು ಇದನ್ನು ಬರೆದಿದ್ದೇನೆ. ಬರುವ ವಾರ ಅಪ್ಪನನ್ನು ಕರೆದುಕೊಂಡು ಬರುತ್ತೇನೆ. ಎರಡು ದಿನ ಅಲ್ಲಿಯೇ ಇರುತ್ತೇವೆ.